ದೀಪದ ಬುಡದಲ್ಲಿ ಒಂದು ತೂತು

ಪದ್ಯವನ್ನು ವಿಮರ್ಶೆ ಮಾಡುತ್ತಾರೆ, ಕಾದಂಬರಿಯನ್ನು ಮಾಡುತ್ತಾರೆ, ನಾಟಕ ಸಿನಿಮಾಗಳನ್ನೂ ಬಿಡುವುದಿಲ್ಲ. ದೀಪವನ್ನು ವಿಮರ್ಶೆ ಮಾಡುವುದುಂಟೆ ಎಂದು ಗೆಳೆಯರು ನಗಬಹುದು. ನಗಲಿ. ಮನುಷ್ಯ ಮಾಡಿದ ಯಾವ ವಸ್ತುವಿನಲ್ಲೇ ಆಗಲಿ ಅದನ್ನು ಮಾಡಿಸಿದವನು, ಮಾಡಿದವನು, ಹೊತ್ತವನು ಈ ಮೂವರ ಸಂಬಂಧ ಅಡಗಿಕೊಂಡಿರುತ್ತದೆ. ಪದ್ಯದಲ್ಲಿ ಅದು ಶಬ್ದಗಳ ಮರೆಯಲ್ಲಿ ಕೂತಿರುತ್ತದೆ. ವಸ್ತುವಿನಲ್ಲಾದರೆ ಭಾರವಾಗಿಯೇ ಕೂತಿರುತ್ತದೆ. ಇದನ್ನು ನಾವು ಓದಿ ತಿಳಿದದ್ದಲ್ಲ, ಎತ್ತಿ ತಿಳಿದದ್ದು.

ಬಿ.ಎ. ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ದಿನಗಳವು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದ್ದು ನಾವೇ ಮೊದಲು. ಆ ಡಿಗ್ರಿಗೆ ಚಿಕ್ಕಬಳ್ಳಾಪುರದಲ್ಲಿ ಸಿಕ್ಕಿದ ಕೆಲಸ ಮದುವೆ ಮನೆಗಳಲ್ಲಿ ಬಡಿಸುವುದು, ಎಲೆ ಎತ್ತುವುದು. ಒಂದು ದಿನ ನಂದಿಬೆಟ್ಟದ ಕಡೆಯ ಒಂದು ರೆಸಾರ್ಟಿನಲ್ಲಿ ಬೆಂಗಳೂರಿನವರ ನಿಶ್ಚಿತಾರ್ಥ ಇತ್ತು. ಮುಂದಿನ ಹಜಾರದಲ್ಲಿ ಒಂದು ದೀಪ ನಿಂತಿತ್ತು. ನೆಲದ ಮೇಲೆ ಬಿಳಿ ಕಲ್ಲಿನ ದಿಂಡು, ಅದರಿಂದ ಎದ್ದು ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿ, ತುದಿಯಲ್ಲಿ ಬೋಗುಣಿ ಕವುಚಿ ಹಾಕಿದ ಹಾಗೆ ಹೊಳೆಯುವ ಅಲ್ಯೂಮಿನಿಯಂ. ಇಂಥದ್ದಕ್ಕೆ ಪೇಟೆಯವರು ಫ್ಲೋರ್ ಲ್ಯಾಂಪ್ ಅನ್ನುತ್ತಾರೆ. ಅದನ್ನು ಊಟದ ಕೋಣೆಗೆ ಸಾಗಿಸಿ ಅಂದರು.

"ಎಳೀಬೇಡ್ರಪ್ಪ, ನೆಲ ಗೀಚೋಗ್ತದೆ. ಎತ್ಕೊಂಡೋಗಿ" ಅಂತ ಮೇಸ್ತ್ರಿ ಕೂಗಿದರು. ನಾವು ನಾಲ್ಕು ಜನ ಬಗ್ಗಿ ಕೈ ಹಾಕಿದೆವು. ಕಲ್ಲಿನ ಅಡಿಗೆ ಬೆರಳು ತೂರಿಸುವಷ್ಟು ಸಂದಿಲ್ಲ. ಪಕ್ಕಗಳು ನುಣುಪು, ಹಿಡಿತ ಸಿಗುವುದಿಲ್ಲ. ಹೇಗೋ ಎತ್ತಿದೆವು, ಇಳಿಸುವಾಗ ಒಬ್ಬನ ಬೆರಳು ಅಡಿಗೆ ಸಿಕ್ಕಿ ಜಜ್ಜಿತು. "ಹುಷಾರು ಕಣ್ರೋ, ಅದು ಇಟಲೀದು" ಎಂದರು ಮೇಸ್ತ್ರಿ. ಹುಷಾರು ಹೇಳಿದ್ದು ಬೆರಳಿಗಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಆ ದೀಪ ಅಸಲಿಯೋ ನಕಲಿಯೋ, ಕಲ್ಲಿನ ಭಾರವಂತೂ ನಕಲಿಯಾಗಿರಲಿಲ್ಲ.

ಆ ಕಲ್ಲಿನಲ್ಲಿ ಈ ಪಕ್ಕದಿಂದ ಆ ಪಕ್ಕಕ್ಕೆ ಹಾಯುವ ಒಂದು ದುಂಡನೆಯ ತೂತಿತ್ತು. ಶೋಕಿಗೆ ಕೊರೆಸಿರಬೇಕು ಅಂದುಕೊಂಡೆವು. ಉಳ್ಳವರ ಮನೆಯ ಕಲ್ಲಿಗೂ ಕಿವಿ ಚುಚ್ಚಿಸುತ್ತಾರೆ ಎಂದು ಒಬ್ಬ ನಗೆ ಮಾಡಿದ.

ಕೆಲವು ತಿಂಗಳ ಮೇಲೆ ಗೌರಿಬಿದನೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿರುವ ಗೆಳೆಯರ ಮನೆಯಲ್ಲಿ ಒಂದು ಪುಸ್ತಕ ತಿರುವುತ್ತಿದ್ದಾಗ ಅದೇ ದೀಪದ ಚಿತ್ರ ಕಣ್ಣಿಗೆ ಬಿತ್ತು. ಅದರ ಪಕ್ಕದ ಬರಹ ಓದಿ ನಮಗೆ ಮಾತೇ ಹೊರಡಲಿಲ್ಲ. ಆ ತೂತು ಶೋಕಿಗಲ್ಲ. ಅದರೊಳಗೆ ಪೊರಕೆಯ ಕೋಲು ತೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು, ಕಲ್ಲನ್ನು ಸಲೀಸಾಗಿ ಎತ್ತಲಿ ಅಂತ ಮಾಡಿದ್ದು!

ಅಂದರೆ ದೀಪ ಮಾಡಿದವನು ಹೊರುವವನನ್ನು ನೆನೆದಿದ್ದ. ಕೊಂಡವರಿಗೆ ಮಾತ್ರ ಅದು ಗೊತ್ತಿರಲಿಲ್ಲ, ಅಥವಾ ಗೊತ್ತು ಮಾಡಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ. ನಾವು ಈ ವಿಮರ್ಶೆ ಬರೆಯಲು ಕೂತದ್ದು ಆ ತೂತಿನಿಂದ.

ದೀಪದ ಹೆಸರು ಆರ್ಕೋ. ಇಟಲಿಯ ಮಾತಿನಲ್ಲಿ ಹಾಗಂದರೆ ಬಿಲ್ಲು, ಕಮಾನು. 1962ರಲ್ಲಿ ಇದನ್ನು ರೂಪಿಸಿದವರು ಮಿಲಾನ್ ನಗರದ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಪಿಯೆರ್ ಜಾಕೊಮೊ ಕಾಸ್ಟಿಲ್ಯೋನಿ (1913–1968), ತಮ್ಮ ಅಕಿಲ್ಲೆ ಕಾಸ್ಟಿಲ್ಯೋನಿ (1918–2002). ಇಬ್ಬರೂ ಓದಿದ್ದು ವಾಸ್ತುಶಿಲ್ಪ. ಫ್ಲೋಸ್ ಎಂಬ ಕಂಪನಿ ಅಂದಿನಿಂದ ಇದನ್ನು ತಯಾರಿಸಿ ಮಾರುತ್ತ ಬಂದಿದೆ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲೂ ಇದಕ್ಕೆ ಜಾಗ ಸಿಕ್ಕಿದೆ. ಹೊಸದರ ಬೆಲೆ ಎರಡು ಲಕ್ಷ ರೂಪಾಯಿಗೂ ಮೇಲೆ. ಹಳೆಯ ಕಾಲದ್ದೇ ಬೇಕೆಂದು ಹುಡುಕಿಸಿ ಕೊಳ್ಳುವವರು ಬೇರೆ ಇದ್ದಾರೆ.

ಇದರ ಹಿಂದಿನ ಯೋಚನೆ ಸರಳವಾದದ್ದು. ಊಟದ ಮೇಜಿಗೆ ಮೇಲಿನಿಂದ ಬೆಳಕು ಬೀಳಬೇಕು. ಚಾವಣಿಯಿಂದ ದೀಪ ಇಳಿಬಿಟ್ಟರೆ ಮೇಜು ಎಂದೆಂದಿಗೂ ಅದರ ಕೆಳಗೇ ಇರಬೇಕಾಗುತ್ತದೆ. ಮೇಜಿನ ಪಕ್ಕದಲ್ಲೇ ಕಂಬ ನೆಟ್ಟರೆ ಕೂತವರ ಬೆನ್ನ ಹಿಂದೆ ಓಡಾಡಲು ಜಾಗವಿಲ್ಲ. ಹಾಗಾದರೆ ಕಂಬದ ಬುಡ ಸುಮಾರು ಎರಡು ಮೀಟರು ದೂರ ನಿಲ್ಲಲಿ, ಅಲ್ಲಿಂದ ಕಂಬ ಬಾಗಿ ಬಂದು ಬೆಳಕು ಸುರಿಯಲಿ. ಬೀದಿದೀಪದ ಕಂಬ ಮಾಡುವುದೂ ಇದೇ ಕೆಲಸ ತಾನೆ? ಬೀದಿಯ ಅಂಚಿನಲ್ಲಿ ನಿಂತು ಬೀದಿಯ ನಡುವಿಗೆ ಬೆಳಕು ಕೊಡುತ್ತದೆ. ಆ ಬೀದಿದೀಪವನ್ನೇ ಈ ಅಣ್ಣತಮ್ಮಂದಿರು ಮನೆಯೊಳಕ್ಕೆ ಕರೆದುಕೊಂಡರು.

ಅಷ್ಟು ದೂರ ಬಾಗಿದ ಕಂಬ ಮುಂದಕ್ಕೆ ಮುಗ್ಗರಿಸದೆ ಇರಬೇಕಾದರೆ ಹಿಂದೆ ಭಾರ ಬೇಕು. ನಮ್ಮ ಕಡೆ ಬಾವಿಯಿಂದ ನೀರೆತ್ತುತ್ತಿದ್ದ ಏತವನ್ನು ನೆನೆದುಕೊಂಡರೆ ಇದು ಮಕ್ಕಳಿಗೂ ಅರ್ಥವಾಗುತ್ತದೆ. ಏತದ ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲು. ಆರ್ಕೋ ಅಂದರೆ ಬೆಳಕೆತ್ತುವ ಏತ. ಅದರ ಕಲ್ಲು ಕರಾರಾ ಎಂಬ ಊರಿನ ಬಿಳಿ ಅಮೃತಶಿಲೆ, ತೂಕ ಸುಮಾರು 65 ಕಿಲೋ. ಒಂದು ಸಿಮೆಂಟು ಮೂಟೆಗಿಂತ ಹದಿನೈದು ಕಿಲೋ ಜಾಸ್ತಿ. ಕಲ್ಲಿನ ಮೂಲೆಗಳನ್ನು ಕೆತ್ತಿ ಮೊಂಡು ಮಾಡಿದ್ದಾರೆ, ನಡೆದಾಡುವವರ ಕಾಲಿಗೆ ತಾಗಿದರೆ ಗಾಯವಾಗಬಾರದು ಅಂತ. ಬಾಗಿದ ಪಟ್ಟಿ ಮೂರು ತುಂಡಿನದು, ಒಂದರೊಳಗೊಂದು ಜಾರುತ್ತದೆ, ಹತ್ತಿರಕ್ಕೂ ದೂರಕ್ಕೂ ಮಾಡಬಹುದು. ವೈರು ಅದರೊಳಗೇ ಹರಿಯುತ್ತದೆ. ಮೇಲಿನ ಬೋಗುಣಿಗೆ ಸಣ್ಣ ಸಣ್ಣ ತೂತುಗಳು, ಬಲ್ಬಿನ ಬಿಸಿ ಹೊರಗೆ ಹೋಗಲಿ ಅಂತ. ಇಡೀ ದೀಪದಲ್ಲಿ ಕೆಲಸವಿಲ್ಲದ ಒಂದು ಗೆರೆಯೂ ಇಲ್ಲ. ಅಲಂಕಾರ ಅಂತ ನಾವು ನಕ್ಕ ತೂತೇ ಅದರ ಅತಿ ದೊಡ್ಡ ಕೆಲಸಗಾರ.

ಇಷ್ಟನ್ನು ಒಪ್ಪದೆ ಹೋದರೆ ನಮ್ಮ ವಿಮರ್ಶೆ ಬರೀ ಹೊಟ್ಟೆಕಿಚ್ಚಾಗುತ್ತದೆ. ಶ್ರೀಮಂತರ ಮನೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಂದು ವಸ್ತುವನ್ನು ಬೈಯುವುದು ಸುಲಭ. ನಮಗೆ ಆ ಸುಲಭ ಬೇಡ. ಆರ್ಕೋ ಒಳ್ಳೆಯ ದೀಪ. ಅದರ ಒಳ್ಳೆಯತನ ಎಲ್ಲಿದೆ, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದೇ ಪ್ರಶ್ನೆ.

ಆ ರಾತ್ರಿ ನಾವು ಹೊತ್ತು ತಂದ ದೀಪದ ಕೆಳಗೆ ಊಟ ನಡೆಯಿತು. ಬೆಳಕು ಮೇಜಿನ ಮೇಲೆ ಒಂದು ದುಂಡು ಬಿದ್ದಿತ್ತು. ತಟ್ಟೆ, ಲೋಟ, ಉಂಗುರದ ಬೆರಳುಗಳು, ನಗುವ ಮುಖಗಳು ಎಲ್ಲ ಆ ದುಂಡಿನೊಳಗೆ. ದುಂಡಿನ ಹೊರಗೆ, ಕುರ್ಚಿಗಳ ಬೆನ್ನಿಗೂ ಬಿಳಿ ಕಲ್ಲಿಗೂ ನಡುವೆ ವಾಸ್ತುಶಿಲ್ಪಿಗಳು ಲೆಕ್ಕ ಹಾಕಿ ಬಿಟ್ಟ ಆ ಎರಡು ಮೀಟರಿನಲ್ಲಿ, ಸಾರಿನ ಪಾತ್ರೆ ಹಿಡಿದು ನಾವು ಓಡಾಡಿದೆವು. ನಮ್ಮ ಕೈ ಮಾತ್ರ ಬೆಳಕಿಗೆ ಬಂದು ಬಡಿಸಿ ಹಿಂದಕ್ಕೆ ಹೋಗುತ್ತಿತ್ತು. ದೀಪ ನಮಗೆ ಜಾಗ ಬಿಟ್ಟಿತ್ತು, ಬೆಳಕು ಬಿಟ್ಟಿರಲಿಲ್ಲ. ಬೀದಿಯಲ್ಲಿದ್ದಾಗ ಹೋಗುವವರು ಬರುವವರು ಎಲ್ಲರದೂ ಆಗಿದ್ದ ದೀಪ, ಮನೆಯೊಳಗೆ ಬಂದ ಮೇಲೆ ಒಂದು ಮೇಜಿನದಾಗುತ್ತದೆ. ತಪ್ಪು ಬಾಗಿದ ಉಕ್ಕಿನದಲ್ಲ. ಮೇಜಿನ ಸುತ್ತ ಕೂರುವವರು ಯಾರು, ನಿಲ್ಲುವವರು ಯಾರು ಎಂಬುದನ್ನು ದೀಪಕ್ಕಿಂತ ಮೊದಲೇ ಯಾರೋ ಗೊತ್ತು ಮಾಡಿಟ್ಟಿದ್ದಾರೆ.

ಗೆಳೆಯರೆ, ಹಾಗಾದರೆ ನಮ್ಮ ಕಡೆ ನೆಲದ ಮೇಲೆ ನಿಲ್ಲುವ ದೀಪ ಇರಲಿಲ್ಲವೆ? ಇತ್ತು. ಅದಕ್ಕೆ ಎರಡು ಕಾಲಿತ್ತು. ಅದು ನಮ್ಮ ಅಜ್ಜಿ.

ಗೌರಿಬಿದನೂರು ತಾಲ್ಲೂಕಿನ ನಮ್ಮ ತಾಯಿಯ ತವರಿನಲ್ಲಿ, ಕರೆಂಟು ಇನ್ನೂ ನೆಚ್ಚಿಕೊಳ್ಳುವ ಹಾಗಿಲ್ಲದ ಕಾಲಕ್ಕೆ, ದೊಡ್ಡವರ ಮದುವೆ ಮೆರವಣಿಗೆಗೆ ಗ್ಯಾಸ್‌ಲೈಟು ಹೊರುವುದಕ್ಕೆ ಕೇರಿಯಿಂದ ಹೆಂಗಸರನ್ನು ಕರೆಯುತ್ತಿದ್ದರು. ತಲೆಗೆ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಸುಂಯ್ ಎಂದು ಉರಿಯುವ ಪೆಟ್ರೋಮ್ಯಾಕ್ಸು. ಎರಡು ಸಾಲು ಹೆಂಗಸರು, ನಡುವೆ ಮದುಮಕ್ಕಳು, ಮುಂದೆ ವಾದ್ಯ. ಅಜ್ಜಿ ಹೇಳುತ್ತಿದ್ದರು: "ಬೆಳಕು ಅವರ ಮಖಕ್ಕೋಗ್ತದೆ, ಬಿಸಿ ನಮ್ ನೆತ್ತಿಗಿಳೀತದೆ. ಸೀಮೆಎಣ್ಣೆ ಸೋರಿದ್ರೆ ಕಿವಿ ಮ್ಯಾಲೆ ಬರ್ತದೆ. ಒರೆಸ್ಕೊಳ್ಳಂಗಿಲ್ಲ, ಎರಡು ಕೈನೂ ಮ್ಯಾಲೇ ಇರ್ತವೆ."

ತಲೆ ಒಂದಿಷ್ಟು ಬಗ್ಗಿದರೆ ಸಾಕು, ಬೂದಿಯಂಥ ಆ ಮ್ಯಾಂಟಲ್ಲು ಉದುರಿಹೋಗುತ್ತಿತ್ತು. ಉದುರಿದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಅದಕ್ಕೇ ಅಜ್ಜಿ ಮೈಯೆಲ್ಲಾ ಬಿಗಿ ಹಿಡಿದು ನೆಟ್ಟಗೆ ನಡೆಯಬೇಕು. ಇದನ್ನು ಸ್ವಲ್ಪ ಯೋಚನೆ ಮಾಡಿ. ವರ್ಷವೆಲ್ಲಾ ಆ ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ಹೋಗಬೇಕಾಗಿದ್ದ ಹೆಂಗಸು, ವರ್ಷದಲ್ಲಿ ನಾಲ್ಕಾರು ರಾತ್ರಿ ಮಾತ್ರ ತಲೆ ತಗ್ಗಿಸುವ ಹಾಗಿಲ್ಲ. ಆ ರಾತ್ರಿ ಆಕೆ ಹೆಂಗಸಾಗಿರಲಿಲ್ಲ, ಕಂಬವಾಗಿದ್ದರು. ಮೆರವಣಿಗೆ ಚಪ್ಪರಕ್ಕೆ ಬಂದು, ಉಂಡವರು ಎದ್ದು ಕೈ ತೊಳೆಯುವವರೆಗೂ ಕಂಬಗಳು ಹೊರಗೇ ಉರಿಯುತ್ತ ನಿಂತಿರಬೇಕು. ದೀಪದ ಕಂಬವನ್ನು ಯಾರು ಊಟಕ್ಕೆ ಕರೆಯುತ್ತಾರೆ?

ಈ ಅಜ್ಜಿಯ ಪಕ್ಕದಲ್ಲಿ ಆರ್ಕೋವನ್ನು ನಿಲ್ಲಿಸಿ ನೋಡಿದಾಗ ಆ ಬಿಳಿ ಕಲ್ಲಿನ ಮೇಲೆ ನಮಗೆ ಗೌರವ ಹುಟ್ಟುತ್ತದೆ. ಮನುಷ್ಯನ ಕತ್ತು ಹೊರಬೇಕಾದ್ದನ್ನು ಅದು ತಾನು ಹೊತ್ತಿದೆ. ದೀಪದ ಬುಡಕ್ಕೆ ಮನುಷ್ಯನ ಬದಲು ಕಲ್ಲಿಡುವುದು ಸಣ್ಣ ನಾಗರಿಕತೆ ಅಲ್ಲ. ಆ ಕಲ್ಲನ್ನು ಸರಿಸಬೇಕಾಗಿ ಬಂದಾಗ ಸರಿಸುವವನ ಸೊಂಟವನ್ನು ನೆನೆದು ತೂತು ಕೊರೆಯುವುದು ಅದಕ್ಕಿಂತ ದೊಡ್ಡ ನಾಗರಿಕತೆ. ನಮ್ಮ ಶಿಲ್ಪಶಾಸ್ತ್ರಗಳು ಕಂಬದ ಅಳತೆ ಹೇಳುತ್ತವೆ, ಮೂರ್ತಿಯ ಮೂಗಿನ ಅಳತೆ ಹೇಳುತ್ತವೆ. ಕಲ್ಲು ಹೊರುವವನ ಬೆನ್ನಿನ ಅಳತೆಯನ್ನು ಕೇಳಿದವರನ್ನು ನಾವು ಕಂಡಿಲ್ಲ.

ಪೊರಕೆಯ ಕೋಲಿನ ವಿಷಯವೂ ಹೀಗೇ. ಇಟಲಿಯವರ ಪೊರಕೆಗೆ ಉದ್ದನೆಯ ಕೋಲಿದೆ, ನಿಂತು ಗುಡಿಸುತ್ತಾರೆ. ನಮ್ಮ ಪೊರಕೆಗೆ ಕೋಲಿಲ್ಲ. ಗುಡಿಸುವವಳು ಬಗ್ಗಿಯೇ ಗುಡಿಸಬೇಕು. ರೆಸಾರ್ಟಿನಲ್ಲಿ ಆ ತೂತಿನ ಗುಟ್ಟು ನಮಗೆ ತಿಳಿದಿದ್ದರೂ ತೂರಿಸಲು ಕೋಲನ್ನು ಎಲ್ಲಿಂದ ತರುತ್ತಿದ್ದೆವೋ!

ಇನ್ನು ಕಲ್ಲಿನ ಮಾತು. ಕಲ್ಲು ಮನುಷ್ಯನ ಭಾರ ಹೊತ್ತಿತು ಅಂದೆವು. ಆ ಕಲ್ಲನ್ನು ಬೆಟ್ಟದಿಂದ ಇಳಿಸಿದವರು ಯಾರು? ಕರಾರಾದ ಬೆಟ್ಟಗಳಲ್ಲಿ ಮಷೀನು ಬರುವ ಮುಂಚೆ ಕಲ್ಲಿನ ಬಂಡೆಗಳನ್ನು ಮರದ ಜಾರುಬಂಡಿಗೆ ಕಟ್ಟಿ, ಸೋಪು ಸವರಿದ ತೊಲೆಗಳ ಮೇಲೆ, ಹಗ್ಗ ಹಿಡಿದು ಇಳಿಸುತ್ತಿದ್ದರು. ಹಗ್ಗ ಹರಿದರೆ ಕೆಳಗಿದ್ದವನು ಕಲ್ಲಿನ ಅಡಿಗೆ. ಅಲ್ಲಿನ ಕಲ್ಲು ಕೆಲಸದವರು ಸುಮ್ಮನೆ ಸಾಯುವ ಜನವಾಗಿರಲಿಲ್ಲ. ಯಾವ ಸರ್ಕಾರವೂ ಬೇಡ, ಯಾವ ಧಣಿಯೂ ಬೇಡ ಎನ್ನುವ ಅರಾಜಕತಾವಾದಿಗಳ ಬೀಡು ಅದು. 1894ರ ಜನವರಿಯಲ್ಲಿ ಅವರು ದಂಗೆ ಎದ್ದಾಗ ಇಟಲಿಯ ಸರ್ಕಾರ ಸೈನ್ಯ ಕಳಿಸಿ ಹತ್ತಿಕ್ಕಿತು. ಆರ್ಕೋದ ಬೆಳ್ಳನೆಯ ಬುಡದಲ್ಲಿ ಈ ಬಂಡಾಯದ ಬೆಟ್ಟದ ತುಂಡೊಂದು ಕೂತಿದೆ. ಊಟದ ಮೇಜಿನಲ್ಲಿ ಅದರ ಮಾತು ಯಾರೂ ಆಡುವುದಿಲ್ಲ.

ಚಿಕ್ಕಬಳ್ಳಾಪುರದ ಕಲ್ಲಿಗೆ ಬಿಳುಪಿಲ್ಲ, ಹೆಸರೂ ಇಲ್ಲ. ಸೈಜುಗಲ್ಲು, ಚಪ್ಪಡಿ, ಜಲ್ಲಿ ಎಂಬ ಹೆಸರಿನಲ್ಲಿ ಲಾರಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಉಳಿ ಸುತ್ತಿಗೆ ಹಿಡಿದವರಲ್ಲಿ ಬೋವಿಗಳಿದ್ದಾರೆ, ಹೊಟ್ಟೆಪಾಡಿಗೆ ದೂರದಿಂದ ಬಂದವರಿದ್ದಾರೆ. 2021ರ ಫೆಬ್ರುವರಿಯಲ್ಲಿ ಇದೇ ತಾಲ್ಲೂಕಿನ ಹಿರೇನಾಗವಲ್ಲಿಯ ಹತ್ತಿರ ಕಲ್ಲುಗಣಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಕಲ್ಲನ್ನು ಅದರ ನುಣುಪಿನಿಂದ ಮೆಚ್ಚುವವರು ಅದರ ಸದ್ದನ್ನೂ ಕೇಳಿಸಿಕೊಳ್ಳಬೇಕು. ಆರ್ಕೋಗೆ 60 ತುಂಬಿದ 2022ರಲ್ಲಿ ಕಂಪನಿಯವರು ಅಮೃತಶಿಲೆಯ ಬದಲು ಗಾಜಿನಂಥ ಸ್ಫಟಿಕದ ಬುಡ ಇಟ್ಟು, ಎಣಿಸಿ 2022 ದೀಪ ಮಾಡಿದರು. ಆ ಕಡೆಯಿಂದ ಈ ಕಡೆಗೆ ಕಾಣುವ ಬುಡ. ಭಾರ ಇದೆ, ಭಾರ ಇರುವುದು ಮಾತ್ರ ಕಾಣುವುದಿಲ್ಲ. ಹೊರುವವರನ್ನು ನೆನೆದ ದೀಪ ಅರವತ್ತು ವರ್ಷಕ್ಕೆ ನೋಡುವವರ ದೀಪವಾಯಿತು.

ಈ ಅಣ್ಣತಮ್ಮಂದಿರ ಇನ್ನೆರಡು ಕೆಲಸಗಳನ್ನು ಇಲ್ಲಿ ನೆನೆಯಬೇಕು. 1957ರಲ್ಲಿ ಅವರು ಟ್ರ್ಯಾಕ್ಟರಿನ ಕಬ್ಬಿಣದ ಸೀಟನ್ನು ತಂದು ಒಂದು ಉಕ್ಕಿನ ಪಟ್ಟಿಗೆ ಕೂರಿಸಿ ಸ್ಟೂಲು ಮಾಡಿದರು. ಅದಕ್ಕಿಟ್ಟ ಹೆಸರು ಮೆಜ್ಜಾದ್ರೋ. ಹಾಗಂದರೆ ಧಣಿಯ ಹೊಲವನ್ನು ಅರೆಪಾಲಿಗೆ ಗೇಯುವ ರೈತ, ನಮ್ಮ ಕಡೆ ವಾರಕ್ಕೆ ಮಾಡುವವನು ಅನ್ನುತ್ತೇವಲ್ಲ ಅವನು. ಅಂಥ ಹೊಸ ಕರಾರುಗಳನ್ನು ಇಟಲಿಯ ಕಾನೂನು ನಿಲ್ಲಿಸಿದ್ದು 1964ರಲ್ಲಿ. ಅದಕ್ಕೂ ಮುಂಚೆಯೇ ವಾರದ ರೈತ ಪೇಟೆಯವರ ಮನೆಯೊಳಗೆ ಸ್ಟೂಲಾಗಿ ಬಂದು ನಿಂತಿದ್ದ. ಇದನ್ನು ಎರಡು ರೀತಿ ಓದಬಹುದು. ಗೇಯುವವನ ಆಸನಕ್ಕೆ ಪೇಟೆಯ ಮನೆಯಲ್ಲಿ ಮರ್ಯಾದೆ ಸಿಕ್ಕಿತು ಅನ್ನಬಹುದು. ಅವನ ಹೆಸರಿನ ಮೇಲೆ ಬೇರೆಯವರು ಕೂತರು ಅಂತಲೂ ಅನ್ನಬಹುದು. ಎರಡೂ ನಿಜ.

1960ರಲ್ಲಿ ಮಾಡಿದ ವಿಸ್ಕೊಂತೆಯಾ, ತರಕ್ಸಾಕುಮ್ ಎಂಬ ತೂಗುದೀಪಗಳ ಕಥೆ ನಮ್ಮ ಶಿಡ್ಲಘಟ್ಟದವರಿಗೆ ತಿಳಿಯಬೇಕಾದದ್ದು. ಕಬ್ಬಿಣದ ಕಡ್ಡಿಯ ಚೌಕಟ್ಟಿನ ಮೇಲೆ ಅಂಟಿನಂಥ ದ್ರವ ಎರಚಿ, ಅದು ಎಳೆ ಎಳೆಯಾಗಿ ಸುತ್ತಿಕೊಂಡು ಒಣಗಿದಾಗ ಬೆಳಕು ಸೋಸುವ ಚರ್ಮದ ಹಾಗಾಗುತ್ತದೆ. ಈ ವಿಧಾನದ ಹೆಸರು ಕಕೂನ್, ಅಂದರೆ ನಮ್ಮ ರೇಷ್ಮೆ ಗೂಡು. ಹುಳುವಿಲ್ಲದ ಗೂಡು. ಶಿಡ್ಲಘಟ್ಟದ ಗೂಡಿಗೆ ಹುಳು ಇದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೆಂಗಸಿದ್ದಾಳೆ, ಚಂದ್ರಿಕೆಯಿಂದ ಗೂಡು ಬಿಡಿಸುವವರಿದ್ದಾರೆ, ಕುದಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುವ ರೀಲರು ಮನೆಯ ಕೆಲಸದವರಿದ್ದಾರೆ. ಅವರ ಬೆರಳ ತುದಿ ಬೆಂದು ಬೆಳ್ಳಗಾಗಿರುತ್ತದೆ. ಗೂಡು ಎಂಬ ಮಾತನ್ನು ಬೆಳಕಿಗೆ ಎರವಲು ಕೊಡಬಾರದು ಅಂತ ನಮ್ಮ ವಾದವಲ್ಲ. ಅದೇ ಮಾತನ್ನು ನಮ್ಮವರು ಎಂದೋ ಬೆಳಕಿಗೆ ಕೊಟ್ಟಿದ್ದಾರೆ. ಬುಡ್ಡಿದೀಪ ಇಡಲು ಮಣ್ಣಿನ ಗೋಡೆಯಲ್ಲಿ ಬಿಟ್ಟ ಜಾಗಕ್ಕೂ ಗೂಡು ಅಂತಲೇ ಅನ್ನುತ್ತೇವೆ. ಎರವಲು ಪಡೆದ ಮಾತಿನ ಹಿಂದೆ ಕೈಯೂ ನೆನಪಾಗಬೇಕು, ಅಷ್ಟೆ.

ಆ ರೆಸಾರ್ಟಿನ ಗೋಡೆಯ ಹಲಗೆಯ ಮೇಲೆ ಇನ್ನೂ ಒಂದು ದೀಪ ಇತ್ತು. ತಿಕ್ಕಿ ಹೊಳಪು ಮಾಡಿದ ಹಳೇ ಗ್ಯಾಸ್‌ಲೈಟು. ಅದು ಅಲ್ಲಿ ಪುರಾತನ ವಸ್ತು. ಆರ್ಕೋಗೆ ಅದನ್ನು ಮಾಡಿದವರ ಹೆಸರು, ಇಸವಿ, ಊರು ಎಲ್ಲ ಇದೆ. ಗ್ಯಾಸ್‌ಲೈಟಿಗೆ ಬೆಲೆ ಇದೆ, ಅದನ್ನು ಹೊತ್ತ ತಲೆಯ ಹೆಸರಿಲ್ಲ. ನಮ್ಮ ಮನೆಗಳಲ್ಲಿ ಹಳೆಯದು ಗುಜರಿಗೆ ಹೋಗುತ್ತದೆ. ಗುಜರಿಯಿಂದ ಎದ್ದು ಉಳ್ಳವರ ಗೋಡೆ ಹತ್ತಿದರೆ ಅದು ಪರಂಪರೆ.

ಹೆಸರು ಯಾರದು, ಆಕಾರ ಯಾರದು ಎಂಬುದಕ್ಕೆ ಕೋರ್ಟುಗಳೂ ಇವೆ. ಆರ್ಕೋದ ಹಾಗೇ ಇರುವ ದೀಪವನ್ನು ಚೀನಾದಿಂದ ತರಿಸಿ ಮಾರಿದ ಸೆಮೆರಾರೋ ಎಂಬ ಇಟಲಿಯ ಕಂಪನಿಯ ಮೇಲೆ ಫ್ಲೋಸ್ ಮೊಕದ್ದಮೆ ಹೂಡಿತು. ಅದು ಯೂರೋಪಿನ ನ್ಯಾಯಾಲಯದವರೆಗೆ ಹೋಗಿ, 2011ರ ಜನವರಿಯಲ್ಲಿ ತೀರ್ಪು ಬಂತು. ಅಂಥ ದೀಪದ ಆಕಾರಕ್ಕೂ ಪುಸ್ತಕಕ್ಕಿರುವ ಹಾಗೆ ಕೃತಿಸ್ವಾಮ್ಯ ಸಿಗಬಹುದು ಎಂಬ ದಾರಿ ಅದರಿಂದ ತೆರೆಯಿತು. ನ್ಯಾಯವೇ ಇರಬಹುದು. ತಲೆ ಓಡಿಸಿ ಮಾಡಿದವನಿಗೆ ಅವನ ಹಕ್ಕು ಸಿಗಲಿ.

ಆದರೆ ಇದನ್ನು ಓದುತ್ತಿದ್ದಾಗ ನಮಗೆ ಬೇರೊಂದು ತೀರ್ಪು ನೆನಪಾಗದೆ ಇರಲಿಲ್ಲ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಸುಟ್ಟರು. ನಾವು ಆಗಿನ್ನೂ ತೊಟ್ಟಿಲ ಕೂಸು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಒಂದು ದೀಪದ ಬಾಗು ಯಾರದೆಂದು ಪತ್ತೆ ಹಚ್ಚಬಲ್ಲ ಕಾನೂನು ಭೂಮಿಯ ಮೇಲಿದೆ. ಚಿಂತಾಮಣಿಯ ಆ ಬೆಂಕಿ ಯಾರದೆಂದು ಮಾತ್ರ ಇವತ್ತಿಗೂ ಸಾಬೀತಾಗಿಲ್ಲ. ಬೆಳಕಿನ ಬಗ್ಗೆ ಬರೆಯುವ ಯಾವನೇ ಆಗಲಿ ನಮ್ಮ ತಾಲ್ಲೂಕುಗಳಲ್ಲಿ ನಿಂತು ಬರೆಯುವುದಾದರೆ ಈ ಬೆಂಕಿಯನ್ನು ಬಳಸಿಕೊಂಡು ಹೋಗಲಾರ.

ಮುದ್ದೇನಹಳ್ಳಿ ನಮ್ಮ ಚಿಕ್ಕಬಳ್ಳಾಪುರ ತಾಲ್ಲೂಕಿನದೇ. ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕಥೆಯನ್ನು ಪ್ರತಿ ವರ್ಷ ಶಾಲೆಯಲ್ಲಿ ಕೇಳಿ ಬೆಳೆದವರು ನಾವು. ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಓದಿಗೆ ಸ್ವಂತ ಬತ್ತಿ. ಪ್ರಾಮಾಣಿಕತೆಯ ಪಾಠ, ಒಪ್ಪೋಣ. ಆದರೆ ಅದು ಎರಡು ಬತ್ತಿ ಇದ್ದವರ ಕಥೆ. ನಮ್ಮ ಮನೆಗೆ ಬಂದದ್ದು ಭಾಗ್ಯಜ್ಯೋತಿ, ಬಡವರ ಮನೆಗೆ ಒಂದೇ ಒಂದು ಬಲ್ಬು ಉರಿಸಲು ಸರ್ಕಾರ ಕೊಟ್ಟ ಕರೆಂಟು. ಮನೆಯಲ್ಲಿ ಒಂದು ಅಡ್ಡಗೋಡೆ. ಈ ಕಡೆ ಒಲೆ, ಆ ಕಡೆ ನಾವು ಮಲಗುವ, ಓದುವ ಜಾಗ. ಬಲ್ಬನ್ನು ಎಲ್ಲಿ ಹಾಕುವುದು? ಒಲೆಯ ಕಡೆ ಹಾಕಿದರೆ ಓದು ಕತ್ತಲೆಗೆ, ಓದಿನ ಕಡೆ ಹಾಕಿದರೆ ಅಮ್ಮ ಕತ್ತಲೆಗೆ. ವೈರು ಎಳೆಯಲು ಬಂದವನು "ಬೇಗ ಹೇಳಮ್ಮ" ಅಂತ ಅವಸರ ಮಾಡಿದ. ಅಮ್ಮ ಹಾರೆಕೋಲು ತಗೊಂಡು ಅಡ್ಡಗೋಡೆಯ ಮೇಲುಗಡೆ ಒಂದು ತೂತು ಹೊಡೆದರು. "ಇದ್ರಾಗೆ ನೇತಾಕಪ್ಪ" ಅಂದರು. ಅರ್ಧ ಬೆಳಕು ರಾಗಿಮುದ್ದೆಗೆ, ಅರ್ಧ ಬೆಳಕು ಪುಸ್ತಕಕ್ಕೆ. 2023ರಿಂದ ಗೃಹಜ್ಯೋತಿ ಬಂದು ಕರೆಂಟಿನ ಲೆಕ್ಕ ಬದಲಾಗಿದೆ, ಮನೆಯಲ್ಲಿ ನಾಲ್ಕು ಬಲ್ಬುಗಳಿವೆ. ಆ ತೂತನ್ನು ಮಾತ್ರ ಅಮ್ಮ ಮುಚ್ಚಿಸಿಲ್ಲ.

ಕಾಸ್ಟಿಲ್ಯೋನಿಗಳ ತೂತು ಕಲ್ಲಿನಲ್ಲಿ, ನಮ್ಮಮ್ಮನ ತೂತು ಗೋಡೆಯಲ್ಲಿ. ಎರಡರಲ್ಲೂ ಇರುವ ಬುದ್ಧಿ ಒಂದೇ. ಇರುವುದು ಕಡಿಮೆ, ಬಳಸುವವರು ಯಾರು, ಅವರ ಮೈಗೆ ಏನಾಗುತ್ತದೆ ಎಂದು ಕೇಳಿಕೊಂಡ ಬುದ್ಧಿ. ಒಬ್ಬರಿಗೆ ಅದಕ್ಕೆ ಮ್ಯೂಸಿಯಂ ಸಿಕ್ಕಿತು. ಇನ್ನೊಬ್ಬರಿಗೆ ಅದೊಂದು ರೂಪಕಲ್ಪನೆ ಎಂಬ ಹೆಸರೂ ಸಿಗಲಿಲ್ಲ, ಬಡತನ ಎಂಬ ಹೆಸರು ಸಿಕ್ಕಿತು. ಸೌಂದರ್ಯಮೀಮಾಂಸೆ ಅಂತ ದೊಡ್ಡ ದೊಡ್ಡ ಮಾತಾಡುವವರು ಮೊದಲು ಈ ಹೆಸರಿಡುವ ಕೆಲಸ ಯಾರ ಕೈಯಲ್ಲಿದೆ ಎಂದು ಹೇಳಲಿ.

ಈಗ ನಮ್ಮ ಕಡೆಗೂ ಬೆರಳು ತಿರುಗಿಸಬೇಕು. ನಾವು ಕವಿತೆ ಬರೆಯುವವರು. ನಮ್ಮ ಕವಿತೆಗಳ ಕಲ್ಲು ಭಾರವಾಗಿದೆ. ಆಗಿರಲೇಬೇಕು, ಸಾವಿರ ವರ್ಷದ ಬಾಗನ್ನು ಅದು ಹಿಡಿದು ನಿಲ್ಲಿಸಬೇಕಲ್ಲ. ಆದರೆ ಅದರಲ್ಲಿ ತೂತಿದೆಯೆ? ಹಳ್ಳಿ ಶಾಲೆಯ ಮೇಷ್ಟ್ರು ಒಂದು ಕಡೆ, ಹಾಸ್ಟೆಲಿನ ಹುಡುಗಿ ಒಂದು ಕಡೆ ಹಿಡಿದು ಎತ್ತಿ ತಮ್ಮ ಓದಿನ ಪಕ್ಕಕ್ಕೆ ತಂದುಕೊಳ್ಳುವಷ್ಟು ಸಂದು ಬಿಟ್ಟಿದ್ದೇವೆಯೆ? ವೇದಿಕೆಯಲ್ಲಿ ನಿಂತು ಓದಿದಾಗ ಚಪ್ಪಾಳೆ ಬೀಳುತ್ತದೆ. ಮರುದಿನ ಆ ಪದ್ಯವನ್ನು ಎತ್ತಿಕೊಳ್ಳಲು ಹೋದವನ ಬೆರಳು ಜಜ್ಜುತ್ತದೆ. ಕಷ್ಟದ ಮಾತು ಬರೆದರೆ ಪಂಡಿತರು ಮೆಚ್ಚುತ್ತಾರೆಂಬ ಆಸೆ ನಮ್ಮಲ್ಲೂ ಇಲ್ಲದೆ ಇಲ್ಲ. ನಮ್ಮ ಪದ್ಯವನ್ನು ಅಮ್ಮನಿಗೆ ಓದಿ ಹೇಳಿದ್ದೆವೆಯೆ ಎಂದು ಕೇಳಿಕೊಂಡರೆ ನಾವು ತಲೆ ತಗ್ಗಿಸಬೇಕಾಗುತ್ತದೆ.

ಕೊನೆಗೊಂದು ಸುದ್ದಿ. ಚಿಂತಾಮಣಿ ಕಡೆಯ ನಮ್ಮ ಕೇರಿಯಲ್ಲಿ ಸಂಜೆ ಮಕ್ಕಳಿಗೆ ಪಾಠ ಹೇಳುವ ಒಂದು ಕೋಣೆ ಇದೆ. ಅಲ್ಲಿಗೆ ನಾವೊಂದು ಆರ್ಕೋ ಮಾಡಿದೆವು. ಗೆಳೆಯನೊಬ್ಬನ ಚಿಕ್ಕಪ್ಪ ಚಿಕ್ಕಬಳ್ಳಾಪುರದ ಹತ್ತಿರ ಕಲ್ಲು ಕೆಲಸ ಮಾಡುತ್ತಾರೆ, ಮೂಲೆ ಒಡೆದು ಲಾರಿಯವರು ಬಿಟ್ಟುಹೋದ ಒಂದು ಸೈಜುಗಲ್ಲು ಕೊಟ್ಟರು. ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿಕೊಂಡೆವು. ತುದಿಗೆ ಅಮ್ಮನ ಹಳೇ ಅಲ್ಯೂಮಿನಿಯಂ ಬೋಗುಣಿ, ಮೊಳೆಯಿಂದ ತೂತು ಹೊಡೆದದ್ದು. ಕಾರಿನ ಲೈಟು, ಟ್ರ್ಯಾಕ್ಟರಿನ ಸೀಟು ತಂದು ಸಾಮಾನು ಮಾಡಿದ ಆ ಅಣ್ಣತಮ್ಮಂದಿರು ನೋಡಿದ್ದರೆ ಬೇಸರ ಪಡುತ್ತಿರಲಿಲ್ಲ ಅಂದುಕೊಂಡಿದ್ದೇವೆ. ಕಲ್ಲಿಗೆ ತೂತು ಯಾಕೆಂದು ಚಿಕ್ಕಪ್ಪ ಕೇಳಿದರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವನೋ ಕಲ್ ಹೊತ್ತೋನೇ ಯೋಳ್ಕೊಟ್ಟಿರ್ಬೇಕು ಬಿಡಪ್ಪ" ಎಂದು ಉಳಿ ತಗೊಂಡರು.

ಸೆಕೆಗಾಲದಲ್ಲಿ ಪಾಠ ಹೊರಗೆ ಜಗುಲಿಯ ಮೇಲೆ ನಡೆಯುತ್ತದೆ. ಆಗ ಏಳನೇ ಕ್ಲಾಸಿನ ಇಬ್ಬರು ಹುಡುಗಿಯರು ತೂತಿಗೆ ಒನಕೆ ತೂರಿಸಿ ದೀಪವನ್ನು ಎತ್ತಿಕೊಂಡು ಹೊರಗೆ ಬರುತ್ತಾರೆ. ದೀಪ ಇನ್ನೂ ಸ್ವಲ್ಪ ಮುಂದಕ್ಕೆ ವಾಲುತ್ತದೆ. ಬುಡಕ್ಕೆ ಇನ್ನೊಂದು ಕಲ್ಲು ಬೇಕು, ತರುತ್ತೇವೆ.